ಕೈಬಿಗಿಯ ವಿಜ್ಞಾನ

ಜಲಜನಕ, ಆಮ್ಲಜನಕ ಸೇರಿಸಿ ವಿದ್ಯುತ್ ಹುಟ್ಟಿಸುವ ಫ್ಯುಯೆಲ್ ಸೆಲ್‌ನಲ್ಲಿ ಜಲಜನಕದ್ದೇನೂ ತಕರಾರಿಲ್ಲ, ಸತಾಯಿಸುವುದು ಆಮ್ಲಜನಕ. ಸೆಲ್‌ನೊಳಗೆ ಕ್ರಿಯಾವರ್ಧಕವಾಗಿರುವ ಪ್ಲಾಟಿನಂನ ಬಹುಪಾಲು ಆ ಹಟಮಾರಿಯನ್ನು ಒಲಿಸುವುದಕ್ಕೇ ಖರ್ಚಾಗುತ್ತದೆ.

*

ಒಳ್ಳೆಯ ಕ್ರಿಯಾವರ್ಧಕ ಬಿಗಿಯಾಗಿ ಹಿಡಿಯುವುದೂ ಇಲ್ಲ, ಮುಟ್ಟದೆ ಬಿಡುವುದೂ ಇಲ್ಲ. ಫ್ರಾನ್ಸಿನ ಪಾಲ್ ಸಬಾಟಿಯೆ ನೂರು ವರ್ಷದ ಹಿಂದೆಯೇ ಇದನ್ನು ಕಂಡುಕೊಂಡಿದ್ದ. ಪ್ಲಾಟಿನಂಗೆ ಆಮ್ಲಜನಕದ ಮೇಲೆ ತುಸು ಮೋಹ ಜಾಸ್ತಿ. ನಿಕಲ್ ಬೆರೆಸಿದರೆ ಆ ಹಿಡಿತ ಸಡಿಲುತ್ತದೆ. ಹಾಗೆ ಬೆರೆತ ಹರಳಿನ ಒಂದು ಮುಖ, ಬರಿ ಪ್ಲಾಟಿನಂನ ಅಂಥದೇ ಮುಖಕ್ಕಿಂತ 10 ಪಟ್ಟು ಚುರುಕು ಎಂದು 2007ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಅಗ್ಗದ ಲೋಹ ದುಬಾರಿ ಲೋಹಕ್ಕೆ ಬಿಟ್ಟುಕೊಡುವುದನ್ನು ಕಲಿಸಿತು.

*

ಪ್ರಯೋಗಾಲಯದ ಹರಳು ಒಂದು ಕಡೆ, ಸಿಗ್ನಲ್ಲಿಗೊಮ್ಮೆ ನಿಂತು ಹೊರಡುವ ಫ್ಯುಯೆಲ್ ಸೆಲ್ ಬಸ್ಸು ಇನ್ನೊಂದು ಕಡೆ. ಬಸ್ಸಿನಲ್ಲಿ ಆಮ್ಲೀಯ ಪೊರೆಯ ಪಕ್ಕ ಕೂತ ನಿಕಲ್ ಮೆಲ್ಲಗೆ ಕರಗುತ್ತದೆ. ಪ್ಲಾಟಿನಂನಲ್ಲೂ ಚಿಕ್ಕ ಕಣಗಳು ಕರಗಿ ದೊಡ್ಡವನ್ನು ಸೇರುತ್ತವೆ. ತೂಕ ಹೆಚ್ಚುಕಡಿಮೆ ಅಷ್ಟೇ, ದುಡಿಯುವ ಮೈ ಮಾತ್ರ ಕಡಿಮೆ. ‘ಇಷ್ಟು ಪಟ್ಟು ಚುರುಕು’ ಎಂಬ ಸುದ್ದಿ ಕಂಡರೆ ನಾನು ಮೊದಲು ಹುಡುಕುವುದು ಎಷ್ಟು ಗಂಟೆ ಬಾಳಿತು ಎಂಬ ಸಾಲನ್ನು. ಅನೇಕ ಸಲ ಆ ಸಾಲೇ ಇರುವುದಿಲ್ಲ.

*

ಕಣದ ಹೊಟ್ಟೆಯಲ್ಲಿ ಕೂತ ಪ್ಲಾಟಿನಂ ಪರಮಾಣುವಿಗೆ ಕೆಲಸವಿಲ್ಲ. ಅದಕ್ಕೇ ಒಳಗೆ ಬೇರೆ ಲೋಹ, ಮೇಲೆ ಒಂದೆರಡು ಪದರ ಪ್ಲಾಟಿನಂ. ಒಡವೆಯಲ್ಲಿ ಗಿಲೀಟು ನಕಲಿ. ಇಲ್ಲಿ ಗಿಲೀಟೇ ಅಸಲಿ.

*

ಪ್ಲಾಟಿನಂ ಬೇಡವೇ ಬೇಡ, ಕಬ್ಬಿಣ, ಸಾರಜನಕ, ಇಂಗಾಲ ಸಾಕು ಎನ್ನುವವರಿದ್ದಾರೆ. ಹುಚ್ಚು ಆಸೆಯಲ್ಲ. ನಮ್ಮ ರಕ್ತ ಆಮ್ಲಜನಕವನ್ನು ಹಿಡಿದು ಬಿಡುವುದೂ ಸಾರಜನಕಗಳ ನಡುವೆ ಕೂತ ಕಬ್ಬಿಣದಿಂದಲೇ.

*

ದುಬಾರಿ ಲೋಹವನ್ನು ಬೇಕಾದಲ್ಲಷ್ಟೇ ಇಡುವುದರಲ್ಲಿ ಎಲೆಕ್ಟ್ರಿಕ್ ಮೋಟಾರಿನವರದ್ದೂ ಇದೇ ಜಾಡು. ನಿಯೋಡಿಮಿಯಂ ಅಯಸ್ಕಾಂತ ಕಾವೇರಿದರೆ ಸೊರಗುತ್ತದೆ. ಅದನ್ನು ತಡೆಯಲು ಡಿಸ್ಪ್ರೋಸಿಯಂ ಬೇಕು. ಮೊದಲು ಅದನ್ನು ಇಡೀ ಲೋಹಕ್ಕೆ ಬೆರೆಸಿ ಕರಗಿಸುತ್ತಿದ್ದರು. ಈಗ ಹೊರಗಿನಿಂದ ಬಳಿದು ಕಾಯಿಸುತ್ತಾರೆ. ಅದು ಒಳಗಿನ ಹರಳುಹರಳಿನ ಅಂಚಿಗಷ್ಟೇ ಇಳಿಯುತ್ತದೆ. ಅಯಸ್ಕಾಂತ ಸೋಲಲು ತೊಡಗುವುದು ಅಂಚಿನಿಂದ. ಕಾವಲೂ ಅಲ್ಲೇ.

*

ಮೋಟಾರಿನಲ್ಲಿ ತಿರುಗುವ ರೋಟರಿಗೂ ನಿಂತ ಸ್ಟೇಟರಿಗೂ ನಡುವೆ ಒಂದು ಮಿಲಿಮೀಟರಿನ ಆಸುಪಾಸು ಗಾಳಿ. ಇಡೀ ಕಾರನ್ನು ಎಳೆಯುವ ಬಲ ದಾಟುವುದು ಆ ಖಾಲಿಯನ್ನೇ.

*

ಶಾಶ್ವತ ಅಯಸ್ಕಾಂತವೇ ಇಲ್ಲದ, ಸುರುಳಿಗಳ ಸೆಳೆತಕ್ಕೆ ಬರಿ ಕಬ್ಬಿಣ ತಿರುಗುವ ರಿಲಕ್ಟನ್ಸ್ ಮೋಟಾರು ಹೊಸದಲ್ಲ. ಸ್ಕಾಟ್ಲೆಂಡಿನ ರಾಬರ್ಟ್ ಡೇವಿಡ್‌ಸನ್ 1842ರಲ್ಲೇ ಆ ತತ್ವದ ಮೋಟಾರಿನಿಂದ ರೈಲು ಎಂಜಿನ್ ಓಡಿಸಿದ್ದ. ಯಾವ ಸುರುಳಿಗೆ ಯಾವ ಕ್ಷಣ ವಿದ್ಯುತ್ ಕೊಡಬೇಕು, ಯಾವಾಗ ತಡೆಯಬೇಕು ಎಂಬ ಲೆಕ್ಕಕ್ಕೆ ಟ್ರಾನ್ಸಿಸ್ಟರ್ ಬರಬೇಕಾಯಿತು. ನೂರು ವರ್ಷಕ್ಕೂ ಮಿಕ್ಕ ಕಾಯುವಿಕೆ. ಗಲಾಟೆ ಈಗಲೂ ಜಾಸ್ತಿ. ಆ ದೂರು ಇನ್ನೂ ಉಳಿದಿದೆ.

*

2025ರ ಏಪ್ರಿಲ್‌ನಲ್ಲಿ ಚೀನಾ ಏಳು ವಿರಳ ಭೂಧಾತುಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಆ ಪಟ್ಟಿಯಲ್ಲಿ ನಿಯೋಡಿಮಿಯಂ ಇರಲಿಲ್ಲ, ಡಿಸ್ಪ್ರೋಸಿಯಂ ಇತ್ತು. ಅಂಚಿಗೆ ಇಳಿಸುವ ಆ ಚಿಟಿಕೆಯನ್ನು ಹಿಡಿದಿಟ್ಟಿದ್ದೇ ಸಾಕಾಯಿತು, ನಮ್ಮ ಎಲೆಕ್ಟ್ರಿಕ್ ಸ್ಕೂಟರ್ ಕಾರ್ಖಾನೆಗಳಿಗೂ ಬಿಸಿ ತಟ್ಟಿತು. ಬೆಂಗಳೂರಿನ ಚಾರಾ ಟೆಕ್ನಾಲಜೀಸ್ ವಿರಳ ಭೂಧಾತುವಿಲ್ಲದ ಮೋಟಾರನ್ನು ಅದಕ್ಕೂ ಮೊದಲೇ ಕೈಗೆತ್ತಿಕೊಂಡಿತ್ತು. ಅಂಥವರತ್ತ ವಾಹನ ತಯಾರಕರು ತಿರುಗಿ ನೋಡಲು ಈಗ ಕಾರಣ ಸಿಕ್ಕಿದೆ.