ದ್ವೇಷದ ಪಂಚಾಂಗ

ಮತವೊಂದರಿಂದ ಶ್ರದ್ಧೆಯು ಹೊರಟುಹೋದ ಮೇಲೆ ಅದರಲ್ಲಿ ಉಳಿಯುವುದೇನು? ದೇವಾಲಯವು ಬರಿದಾಗಿ, ಪ್ರಾರ್ಥನೆಯು ನಾಲಗೆಯಿಂದ ಜಾರಿ, ಪಾಪ ಪುಣ್ಯ ಪರಲೋಕಗಳ ಚಿಂತೆಯು ಜನಮನದಿಂದ ಮಾಸಿದ ತರುವಾಯವೂ ‘ನಾವು’, ‘ಅವರು’ ಎಂಬ ಭೇದವೊಂದು ಮಾತ್ರ ಅಳಿಯದೆ ನಿಲ್ಲುವುದಾದರೆ, ಹಾಗೆ ನಿಂತುದನ್ನು ಧರ್ಮದ ಅವಶೇಷವೆನ್ನಬೇಕೆ, ಅಥವಾ ಧರ್ಮದ ಮರೆಯಲ್ಲಿ ಮೊದಲಿನಿಂದಲೂ ಅಡಗಿದ್ದ ಬೇರೊಂದು ವಸ್ತುವೆನ್ನಬೇಕೆ? ಈ ಪ್ರಶ್ನೆಯನ್ನು ವಿಚಾರಮಾಡತಕ್ಕವನು ಶಾಸ್ತ್ರಗ್ರಂಥಗಳನ್ನು ತೆರೆಯುವುದಕ್ಕೆ ಮೊದಲು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಎರಡು ಫುಟ್‌ಬಾಲ್ ಕ್ಲಬ್ಬುಗಳ ಚರಿತ್ರೆಯನ್ನು ನೋಡುವುದು ಉಚಿತವೆಂದು ನನಗೆ ತೋರುತ್ತದೆ. ಸೆಲ್ಟಿಕ್, ರೇಂಜರ್ಸ್ ಎಂಬ ಈ ತಂಡಗಳು 1888ರಿಂದ ಈಚೆಗೆ ನಾನೂರಕ್ಕೂ ಹೆಚ್ಚು ಸಲ ಎದುರುಬದುರಾಗಿ ನಿಂತಿವೆ. ಒಂದರ ಹಸುರಿನಲ್ಲಿ ಕ್ಯಾಥೊಲಿಕ್ ಐರ್ಲೆಂಡನ್ನೂ ಇನ್ನೊಂದರ ನೀಲಿಯಲ್ಲಿ ಪ್ರಾಟೆಸ್ಟೆಂಟ್ ಬ್ರಿಟನ್ನನ್ನೂ ಲಕ್ಷಾಂತರ ಜನ ಕಂಡಿದ್ದಾರೆ, ಈಗಲೂ ಕಾಣುತ್ತಿದ್ದಾರೆ.

ಗೆಲವು ಸೋಲುಗಳ ಲೆಕ್ಕದಿಂದ ಈ ಚರಿತ್ರೆಯ ಅರ್ಥ ತಿಳಿಯುವುದಿಲ್ಲ. 1957ರ ಲೀಗ್ ಕಪ್ಪಿನ ಅಂತಿಮ ಪಂದ್ಯವನ್ನು ಸೆಲ್ಟಿಕ್ 7–1ರಿಂದ ಗೆದ್ದಿತು. ಯುದ್ಧಕಾಲದ 1943ರ ಹೊಸವರ್ಷದ ದಿನ ರೇಂಜರ್ಸ್ 8–1ರಿಂದ ಗೆದ್ದಿತ್ತು. 2021ರಲ್ಲಿ ರೇಂಜರ್ಸ್ 55ನೆಯ ಲೀಗ್ ಪ್ರಶಸ್ತಿಯನ್ನು ಪಡೆಯಿತು. 2025ರಲ್ಲಿ ಸೆಲ್ಟಿಕ್ ಸಹ ಅದೇ ಸಂಖ್ಯೆಯನ್ನು ಮುಟ್ಟಿತು. ನಾಲ್ಕೈದು ತಲೆಮಾರುಗಳು ಹೆಣಗಿದ ಮೇಲೆಯೂ ತಕ್ಕಡಿಯ ಮುಳ್ಳು ನಡುವೆಯೇ ನಿಂತಿತು. ಇಂಥ ಸ್ಪರ್ಧೆಯಲ್ಲಿ ಯಾವ ಗೆಲವೂ ಹಿಂದಿನ ಸೋಲಿನ ಸಾಲವನ್ನು ತೀರಿಸಲಾರದು.

ಆರಂಭವು ಹೀಗಿರಲಿಲ್ಲ. 1840ರ ದಶಕದ ಮಹಾಕ್ಷಾಮದಿಂದ ಕಂಗೆಟ್ಟ ಐರಿಷ್ ಜನರು ಕಡಲು ದಾಟಿ ಗ್ಲಾಸ್ಗೋವಿನ ಪೂರ್ವಭಾಗದ ಇಕ್ಕಟ್ಟಿನ ಕೇರಿಗಳಲ್ಲಿ ನೆಲೆಸಿದರು. ಅವರ ಮಕ್ಕಳು ಹಸಿದ ಹೊಟ್ಟೆಯಲ್ಲಿ ಶಾಲೆಗೆ ಬರುವುದನ್ನು ಕಂಡ ಬ್ರದರ್ ವಾಲ್ಫ್ರಿಡ್ ಎಂಬ ಮಾರಿಸ್ಟ್ ಪಂಥದ ಸಂನ್ಯಾಸಿ, ಆಟದಿಂದ ಬರುವ ಹಣದಲ್ಲಿ ಅವರಿಗೆ ಊಟವಿಕ್ಕಬಹುದೆಂದು ಯೋಚಿಸಿ, 1887ರ ನವೆಂಬರಿನಲ್ಲಿ ಸೇಂಟ್ ಮೇರಿ ಚರ್ಚಿನ ಸಭಾಂಗಣದಲ್ಲಿ ಸೆಲ್ಟಿಕ್ ಕ್ಲಬ್ಬಿಗೆ ಅಂಕುರಾರ್ಪಣ ಮಾಡಿದನು. ರೇಂಜರ್ಸ್ ಅದಕ್ಕೂ ಹದಿನೈದು ವರ್ಷ ಹಿರಿದು. 1872ರಲ್ಲಿ ಗ್ಲಾಸ್ಗೋ ಗ್ರೀನ್ ಎಂಬ ಬಯಲಿನಲ್ಲಿ ಆಟದ ಮೋಹವುಳ್ಳ ಕೆಲವು ತರುಣರು ಕಟ್ಟಿಕೊಂಡ ಆ ತಂಡಕ್ಕೆ ಯಾವ ಮತದ ಹಂಗೂ ಇರಲಿಲ್ಲ. 1888ರ ಮೇ 28ರಂದು ಸೆಲ್ಟಿಕ್ ಆಡಿದ ಮೊಟ್ಟಮೊದಲ ಪಂದ್ಯವೇ ರೇಂಜರ್ಸ್ ಜೊತೆಯದು; ಸೇರಿದ್ದವರು ಸುಮಾರು ಎರಡು ಸಾವಿರ ಮಂದಿ; ಹೊಸ ತಂಡ 5–2ರಿಂದ ಗೆದ್ದಿತು. ಆಟ ಮುಗಿದ ಮೇಲೆ ಉಭಯ ತಂಡದವರೂ ಸೇಂಟ್ ಮೇರಿ ಸಭಾಂಗಣಕ್ಕೆ ಹೋಗಿ ಒಟ್ಟಿಗೆ ಕುಳಿತು ಊಟಮಾಡಿದರು. ಈ ಸಹಪಂಕ್ತಿಭೋಜನವನ್ನು ನಾನು ಬಹಳ ದೊಡ್ಡ ಸಂಗತಿಯೆಂದು ಎಣಿಸುತ್ತೇನೆ. ಮುಂದೆ ಬಂದ ವೈರವು ಅನಿವಾರ್ಯವಾಗಿತ್ತೆಂದು ವಾದಿಸುವವರಿಗೆ ಅದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ.

ವೈರವು ಬಂದದ್ದು ಹೊರಗಿನಿಂದ. 1912ರಲ್ಲಿ ಬೆಲ್‌ಫಾಸ್ಟಿನ ಹಾರ್ಲಂಡ್ ಅಂಡ್ ವುಲ್ಫ್ ಕಂಪನಿಯು ರೇಂಜರ್ಸ್ ಕ್ರೀಡಾಂಗಣದ ನೆರೆಯ ಗೋವನ್ನಿನಲ್ಲಿ ಹಡಗು ಕಟ್ಟುವ ಕಾರ್ಖಾನೆಯನ್ನು ತೆರೆದಾಗ ಅಲ್ಸ್ಟರಿನ ಪ್ರಾಟೆಸ್ಟೆಂಟ್ ಕೆಲಸಗಾರರು ತಮ್ಮ ಕಸುಬಿನ ಜೊತೆಗೆ, ಪ್ರಾಟೆಸ್ಟೆಂಟ್ ದೊರೆಯು ಕ್ಯಾಥೊಲಿಕ್ ದೊರೆಯನ್ನು ಸೋಲಿಸಿದ 1690ರ ಬೋಯ್ನ್ ನದೀತೀರದ ಯುದ್ಧದ ಸ್ಮರಣೆಯನ್ನೂ ತಂದರು. 1923ರಲ್ಲಿ ಸ್ಕಾಟ್ಲೆಂಡಿನ ಪ್ರಾಟೆಸ್ಟೆಂಟ್ ಚರ್ಚೇ ಐರಿಷ್ ವಲಸೆಯನ್ನು ಜನಾಂಗಕ್ಕೊದಗಿದ ವಿಪತ್ತೆಂದು ಬಣ್ಣಿಸುವ ವರದಿಯೊಂದನ್ನು ತನ್ನ ಮಹಾಸಭೆಯ ಮುಂದಿರಿಸಿತು. ಅದಕ್ಕಾಗಿ ವಿಷಾದವನ್ನು ವ್ಯಕ್ತಪಡಿಸಿದ್ದು 2002ರಲ್ಲಿ. ಉದ್ಯೋಗಕ್ಕಾಗಿ ಬಡವನು ಬಡವನೊಡನೆ ಕಾದಾಡುತ್ತಿದ್ದ ಆ ನಗರದಲ್ಲಿ ಮತಭೇದವು ಹೊಟ್ಟೆಪಾಡಿನ ಭೇದಕ್ಕೆ ಸಿದ್ಧವಾಗಿ ದೊರೆತ ಹೆಸರಾಯಿತು. ಕ್ಯಾಥೊಲಿಕನೆಂದು ತಿಳಿದಿರುವ ಆಟಗಾರನನ್ನು ತೆಗೆದುಕೊಳ್ಳಬಾರದೆಂಬುದು ರೇಂಜರ್ಸ್ ಕ್ಲಬ್ಬಿನಲ್ಲಿ ಬಹುಕಾಲ ಬರೆಯದ ಕಟ್ಟಳೆಯಾಗಿತ್ತು. 1989ರ ಜುಲೈನಲ್ಲಿ, ಹಿಂದೆ ಸೆಲ್ಟಿಕ್ ಪರ ಆಡಿದ್ದ ಕ್ಯಾಥೊಲಿಕ್ ಮೋ ಜಾನ್‌ಸ್ಟನ್ ಆ ತಂಡವನ್ನು ಸೇರಿದಾಗ ಒಂದು ಪಕ್ಷದವರು ತಮ್ಮ ಕ್ಲಬ್ಬಿನ ಕೊರಳವಸ್ತ್ರಗಳನ್ನೇ ಸುಟ್ಟರು, ಇನ್ನೊಂದು ಪಕ್ಷದವರು ಅವನನ್ನು ಜೂದಾಸನೆಂದು ಕರೆದರು. ಇತ್ತ ಸೆಲ್ಟಿಕ್‌ಗೆ 1967ರಲ್ಲಿ ಲಿಸ್ಬನ್ನಿನಲ್ಲಿ ಯೂರೋಪಿಯನ್ ಕಪ್ಪನ್ನು ಗೆದ್ದುಕೊಟ್ಟ ವ್ಯವಸ್ಥಾಪಕ ಜಾಕ್ ಸ್ಟೀನ್ ಹಿಂದೆ ಗಣಿಕಾರ್ಮಿಕನಾಗಿದ್ದ ಪ್ರಾಟೆಸ್ಟೆಂಟ್. ಆ ಹಸುರು ಪಾಳೆಯದ ಅತ್ಯುನ್ನತ ವೈಭವವು ಅನ್ಯಮತೀಯನೊಬ್ಬನ ಕೈಯಿಂದ ಬಂದಿತೆಂಬುದನ್ನು ಎಲ್ಲರೂ ಬಲ್ಲರು. ಆದರೂ ಗಡಿಯು ಒಂದಂಗುಲವೂ ಸರಿಯಲಿಲ್ಲ.

ಇತ್ತ ಚರ್ಚುಗಳು ಬರಿದಾಗುತ್ತ ಬಂದುವು. 2022ರ ಜನಗಣತಿಯಲ್ಲಿ ಸ್ಕಾಟ್ಲೆಂಡಿನ ಅರ್ಧಕ್ಕೂ ಹೆಚ್ಚು ಜನ ತಮಗೆ ಯಾವ ಮತವೂ ಇಲ್ಲವೆಂದು ಬರೆಸಿದರು. ಭಾನುವಾರದ ಪೂಜೆಗೆ ಎಂದೂ ಹೋಗದವನು ಶನಿವಾರದ ಪಂದ್ಯದಲ್ಲಿ ಪೋಪನ ಪರವಾಗಿಯೋ ವಿರೋಧವಾಗಿಯೋ ಗಂಟಲು ಹರಿಯುವಂತೆ ಹಾಡುತ್ತಾನೆ. ಇದನ್ನು ಕಂಡು ಮತವೇ ದ್ವೇಷದ ಬೇರೆಂದು ಹೇಳುವವರುಂಟು. ನನಗೆ ಹಾಗೆ ತೋರುವುದಿಲ್ಲ. ಬೇರು ಮತದಲ್ಲಿಯೇ ಇದ್ದಿದ್ದರೆ ಅದು ಒಣಗಿದೊಡನೆ ಗಿಡವೂ ಒಣಗಬೇಕಾಗಿತ್ತು.

ನಮ್ಮ ಪೌರಾಣಿಕರು ವಿರೋಧಭಕ್ತಿಯೆಂಬ ವಿಚಿತ್ರ ಕಲ್ಪನೆಯೊಂದನ್ನು ಮಾಡಿದ್ದಾರೆ. ಶಾಪಗ್ರಸ್ತರಾದ ಜಯವಿಜಯರು ಭಕ್ತರಾಗಿ ಅನೇಕ ಜನ್ಮಗಳನ್ನು ಕಳೆಯುವುದಕ್ಕಿಂತ ಶತ್ರುಗಳಾಗಿ ಮೂರೇ ಜನ್ಮಗಳಲ್ಲಿ ಸ್ವಾಮಿಯ ಸನ್ನಿಧಿಗೆ ಮರಳುವುದನ್ನು ಆರಿಸಿಕೊಂಡರೆಂದೂ, ಹಗಲಿರುಳು ಕೃಷ್ಣನನ್ನು ನಿಂದಿಸುತ್ತಿದ್ದ ಶಿಶುಪಾಲನ ತೇಜಸ್ಸು ಕಡೆಗೆ ಕೃಷ್ಣನಲ್ಲಿಯೇ ಲೀನವಾಯಿತೆಂದೂ ಕಥೆ. ದ್ವೇಷವೂ ಅನವರತ ಸ್ಮರಣೆಯೇ, ಸ್ಮರಣೆಯು ಸ್ಮೃತವಸ್ತುವಿನ ಕಡೆಗೇ ಒಯ್ಯುತ್ತದೆಂಬುದು ಅದರ ತತ್ತ್ವ. ಗ್ಲಾಸ್ಗೋವಿನಲ್ಲಿ ಈ ತತ್ತ್ವದ ಅರ್ಧಭಾಗ ನಿಜವಾಗಿ ನಡೆದಿದೆ. 1909ರಲ್ಲಿ ಹ್ಯಾಂಪ್‌ಡನ್ ಕ್ರೀಡಾಂಗಣದಲ್ಲಿ ಸ್ಕಾಟಿಷ್ ಕಪ್ಪಿನ ಅಂತಿಮ ಪಂದ್ಯವು ಎರಡನೆಯ ಸಲವೂ ಸಮವಾಗಿ ಮುಗಿದಾಗ, ಹಣಕ್ಕಾಗಿ ತಮ್ಮನ್ನು ವಂಚಿಸುತ್ತಿದ್ದಾರೆಂಬ ಶಂಕೆಯಿಂದ ಎರಡು ಪಕ್ಷದ ಪ್ರೇಕ್ಷಕರೂ ಒಂದಾಗಿ ಅಂಕಣಕ್ಕೆ ನುಗ್ಗಿ ಬೆಂಕಿಯಿಟ್ಟರು. ಆ ವರ್ಷ ಕಪ್ಪನ್ನು ಯಾರಿಗೂ ಕೊಡಲಿಲ್ಲ. 1952ರಲ್ಲಿ ಐರಿಷ್ ಧ್ವಜವನ್ನು ಇಳಿಸಬೇಕೆಂದು ಫುಟ್‌ಬಾಲ್ ಸಂಘವು ಸೆಲ್ಟಿಕ್‌ಗೆ ಆಜ್ಞಾಪಿಸಿದಾಗ ಸೆಲ್ಟಿಕ್‌ನ ಪರ ನಿಂತ ಕ್ಲಬ್ಬುಗಳಲ್ಲಿ ರೇಂಜರ್ಸ್ ಒಂದು. ವೈರಿಯಿಲ್ಲದೆ ತಾನಿಲ್ಲವೆಂಬುದನ್ನು ಅದು ಬಲ್ಲುದಾಗಿತ್ತು. ಆದರೆ ಪುರಾಣದಲ್ಲಿ ದ್ವೇಷದ ವಿಷಯವಾದುದು ಭಗವಂತ. ಇಲ್ಲಿ ದ್ವೇಷದ ವಿಷಯ ಪಕ್ಕದ ಬೀದಿಯ ಮನುಷ್ಯ. ಸ್ಮರಿಸಿದವನು ಸ್ಮೃತವಸ್ತುವಿನೊಡನೆ ಬಿಗಿದುಕೊಂಡನೇ ಹೊರತು ಮುಕ್ತನಾಗಲಿಲ್ಲ.

1931ರ ಸೆಪ್ಟೆಂಬರ್ 5ರಂದು ರೇಂಜರ್ಸ್‌ನ ಐಬ್ರಾಕ್ಸ್ ಕ್ರೀಡಾಂಗಣದಲ್ಲಿ ನಡೆದುದು ಈ ಇಡೀ ಚರಿತ್ರೆಯ ಹೃದಯವೆಂದು ನಾನು ತಿಳಿದಿದ್ದೇನೆ. ಸೆಲ್ಟಿಕ್ ತಂಡದ ಗೋಲ್‌ಕೀಪರ್ ಜಾನ್ ಥಾಮ್ಸನ್ ಇಪ್ಪತ್ತೆರಡರ ತರುಣ, ಫೈಫ್ ಪ್ರಾಂತದ ಕಾರ್ಡೆಂಡನ್ ಎಂಬ ಗಣಿಯೂರಿನವನು, ಮತದಿಂದ ಪ್ರಾಟೆಸ್ಟೆಂಟ್. ಉತ್ತರಾರ್ಧದ ಆಟ ಮೊದಲಾಗಿ ಸ್ವಲ್ಪ ಹೊತ್ತಿಗೆ ರೇಂಜರ್ಸ್ ತಂಡದ ಸ್ಯಾಮ್ ಇಂಗ್ಲಿಷ್ ಗೋಲಿನ ಕಡೆಗೆ ಚೆಂಡನ್ನು ಹೊಡೆಯಲು ನುಗ್ಗಿದಾಗ, ಥಾಮ್ಸನ್ ತನ್ನ ವಾಡಿಕೆಯ ನಿರ್ಭೀತಿಯಿಂದ ಅವನ ಕಾಲಿಗೇ ಹಾರಿದನು. ಇಂಗ್ಲಿಷ್‌ನ ಮಂಡಿಯು ಅವನ ತಲೆಗೆ ತಾಗಿತು. ಗೋಲಿನ ಹಿಂದೆ ನಿಂತಿದ್ದ ರೇಂಜರ್ಸ್ ಅಭಿಮಾನಿಗಳಲ್ಲಿ ಕೆಲವರು ಹರ್ಷದಿಂದ ಕೂಗಿದಾಗ ಅವರ ತಂಡದ ನಾಯಕ ಡೇವಿ ಮೈಕಲ್‌ಜಾನ್ ಕೈಯೆತ್ತಿ ಅವರನ್ನು ಸುಮ್ಮನಾಗಿಸಿದನು. ಅದೇ ರಾತ್ರಿ ಆಸ್ಪತ್ರೆಯಲ್ಲಿ ಥಾಮ್ಸನ್ ತೀರಿಕೊಂಡನು. ಕಾರ್ಡೆಂಡನ್ನಿನ ಶವಸಂಸ್ಕಾರಕ್ಕೆ ಹತ್ತಾರು ಸಾವಿರ ಜನ ಸೇರಿದರು. ಗ್ಲಾಸ್ಗೋವಿನಿಂದ ಅಷ್ಟು ದೂರವನ್ನು ಕಾಲ್ನಡಿಗೆಯಿಂದಲೇ ಸಾಗಿಬಂದವರೂ ಅವರಲ್ಲಿದ್ದರು.

ಇಂಗ್ಲಿಷ್‌ನ ಗತಿಯೇನಾಯಿತು? ವಿಚಾರಣೆಯು ಅದನ್ನು ಆಕಸ್ಮಿಕವೆಂದು ನಿರ್ಣಯಿಸಿತು. ಮೃತನ ಮನೆಯವರು ಅವನನ್ನು ದೂಷಿಸಲಿಲ್ಲ. ಆ ವರ್ಷ ಅವನು ಲೀಗಿನಲ್ಲಿ 44 ಗೋಲುಗಳನ್ನು ಹೊಡೆದನು. ರೇಂಜರ್ಸ್ ಕ್ಲಬ್ಬಿನಲ್ಲಿ ಒಂದೇ ಲೀಗ್ ಋತುವಿನಲ್ಲಿ ಅಷ್ಟು ಹೊಡೆದವರು ಇನ್ನೊಬ್ಬರಿಲ್ಲ. ಆದರೆ ಹೋದಹೋದಲ್ಲಿ ಕೊಲೆಗಾರನೆಂಬ ಕೂಗು ಅವನನ್ನು ಬೆನ್ನಟ್ಟಿತು. ಲಿವರ್‌ಪೂಲ್ ಕ್ಲಬ್ಬಿಗೆ ಹೋದನು. ಕೂಗು ಅಲ್ಲಿಗೂ ಹೋಯಿತು. 1938ರ ಹೊತ್ತಿಗೆ, ಮೂವತ್ತು ವರ್ಷದ ಆಚೀಚೆಯಲ್ಲಿ, ಆಟವನ್ನೇ ತೊರೆದನು.

ಧರ್ಮಶಾಸ್ತ್ರವು ಇಂಥವನ ವಿಷಯದಲ್ಲಿ ಏನು ಹೇಳುತ್ತದೆ? ಬೌದ್ಧರು ಸಂಕಲ್ಪವನ್ನೇ ಕರ್ಮವೆಂದು ಎಣಿಸಿದರು. ಜೈನಾಚಾರ್ಯರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಡನೆ ಪ್ರಮಾದವನ್ನೂ ಸೇರಿಸಿದರು. ಅಷ್ಟು ದೂರ ಹೋಗುವುದೇಕೆ? ಕ್ಯಾಥೊಲಿಕ್ ನೀತಿಶಾಸ್ತ್ರವೇ ಮಹಾಪಾಪಕ್ಕೆ ಪೂರ್ಣಜ್ಞಾನವೂ ಬುದ್ಧಿಪೂರ್ವಕವಾದ ಸಮ್ಮತಿಯೂ ಇರಲೇಬೇಕೆಂದು ಸ್ಪಷ್ಟವಾಗಿ ವಿಧಿಸುತ್ತದೆ. ಸೆಲ್ಟಿಕ್ ಅಭಿಮಾನಿಗಳಲ್ಲಿ ಇಂಗ್ಲಿಷ್‌ನನ್ನು ಹಳಿದವರು ಯಾವ ಮತದ ಹೆಸರಿನಲ್ಲಿ ಗುಂಪುಗೂಡಿದ್ದರೋ ಆ ಮತವೇ ಅವನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತ್ತು. ಬಿಡದೆ ಹಿಡಿದದ್ದು ಗುಂಪು. ಮೊದಲು ಕೇಳಿದ ಪ್ರಶ್ನೆಗೆ ನನ್ನ ಮಟ್ಟಿಗೆ ಉತ್ತರ ದೊರೆಯುವುದು ಇಲ್ಲಿ. ಮತವು ಹೋಗಿ ಅದರ ಗಡಿಯು ಉಳಿದಾಗ, ಮೊದಲು ಕಳೆದುಹೋಗುವುದು ಮತದಲ್ಲಿದ್ದ ವಿವೇಕ: ಉದ್ದೇಶವನ್ನು ಕೃತ್ಯದಿಂದ ಬೇರ್ಪಡಿಸಿ ನೋಡುವ ಸೂಕ್ಷ್ಮತೆ, ಪಶ್ಚಾತ್ತಾಪಕ್ಕೆ ಬಿಟ್ಟ ಬಾಗಿಲು, ಶತ್ರುವನ್ನೂ ಪ್ರೀತಿಸಬೇಕೆಂಬ ಎಟುಕದ ಆದೇಶ. ಕ್ರೈಸ್ತಮತದ ಎರಡು ಶಾಖೆಗಳಿಗೂ ಸಮಾನವಾದ ಸಂಪತ್ತು ಇದು. ಹಾಡುವ ಗುಂಪು ತನ್ನ ಪಾಲಿಗೆ ಇಟ್ಟುಕೊಂಡದ್ದು ಇದರಲ್ಲಿ ಒಂದನ್ನೂ ಅಲ್ಲ.

ಹಾಗಾದರೆ ಗಡಿಯು ಮಾತ್ರ ಇಷ್ಟು ಗಟ್ಟಿಯಾಗಿ ಉಳಿಯುವುದು ಹೇಗೆ? 1971ರ ಜನವರಿ 2ರಂದು ಐಬ್ರಾಕ್ಸಿನಲ್ಲಿ ಆಟದ ಕಡೆಯ ನಿಮಿಷಗಳಲ್ಲಿ ಉಭಯ ತಂಡಗಳೂ ಒಂದೊಂದು ಗೋಲು ಹೊಡೆದು ಪಂದ್ಯವು 1–1ರಲ್ಲಿ ಮುಗಿಯಿತು. ಹೊರಗೆ ಹೋಗುತ್ತಿದ್ದ ಜನಸಂದಣಿಯು ಹದಿಮೂರನೆಯ ಮೆಟ್ಟಿಲಸಾಲಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು 66 ಮಂದಿ ಮಡಿದರು. ಅವರಲ್ಲಿ ಮಾರ್ಕಿಂಚ್ ಎಂಬ ಒಂದೇ ಊರಿನ ಐವರು ಬಾಲಕರಿದ್ದರು. ಅದೇ ತಿಂಗಳು ಸಂತ್ರಸ್ತರ ಸಹಾಯಾರ್ಥವಾಗಿ ಸೆಲ್ಟಿಕ್ ರೇಂಜರ್ಸ್ ಆಟಗಾರರು ಒಂದೇ ತಂಡವಾಗಿ ಸ್ಕಾಟ್ಲೆಂಡ್ ತಂಡದೆದುರು ಆಡಿದರು. ನಲವತ್ತು ವರ್ಷಗಳ ತರುವಾಯ, 2011ರ ಜನವರಿ 2ರಂದು ಅದೇ ಕ್ರೀಡಾಂಗಣದಲ್ಲಿ ಎರಡು ಪಕ್ಷದವರೂ ಮೃತರಿಗಾಗಿ ಮೌನವಾಗಿ ನಿಂತರು. ಆ ಮೌನದ ನಂತರ ಮೂರು ತಿಂಗಳು ತುಂಬುವುದರೊಳಗೆ ಸೆಲ್ಟಿಕ್ ವ್ಯವಸ್ಥಾಪಕ ನೀಲ್ ಲೆನನ್‌ಗೆ ಅಂಚೆಯಲ್ಲಿ ಸ್ಫೋಟಕದಂಥ ಪೊಟ್ಟಣವನ್ನು ಕಳುಹಿಸಲಾಯಿತು.

ದುಃಖದಲ್ಲಿ ತೋರಿದ ಐಕ್ಯವು ಸುಳ್ಳೆಂದು ನಾನು ನಂಬುವುದಿಲ್ಲ. ಮೈಕಲ್‌ಜಾನ್ ಎತ್ತಿದ ಕೈ ನಿಜ. ಒಂದಾಗಿ ಆಡಿದ ತಂಡ ನಿಜ. ಆದರೆ ದ್ವೇಷಕ್ಕೆ ತನ್ನದೇ ಆದ ಪಂಚಾಂಗವಿದೆ, ಕರುಣೆಗೆ ಅದಿಲ್ಲ. ಹೊಸವರ್ಷದ ಪಂದ್ಯ, ಬೋಯ್ನ್ ಯುದ್ಧದ ನೆನಪಿಗಾಗಿ ಜುಲೈಯಲ್ಲಿ ನಡೆಯುವ ಆರೆಂಜ್ ಮೆರವಣಿಗೆ, ಬಣ್ಣ, ಬಾವುಟ, ತಂದೆಯ ಹೆಗಲ ಮೇಲೆ ಕುಳಿತು ಮಗನು ಕಲಿಯುವ ಹಾಡು, ಇವೆಲ್ಲ ವರ್ಷವರ್ಷವೂ ತಪ್ಪದೆ ಬರುವ ನೈಮಿತ್ತಿಕಗಳು. ವೈರವನ್ನು ಹೊಸದಾಗಿ ಅನುಭವಿಸಬೇಕಾದ ಶ್ರಮ ಯಾರಿಗೂ ಇಲ್ಲ. ಆಚರಣೆಯೇ ಅದನ್ನು ಹೊತ್ತು ನಡೆಯುತ್ತದೆ. ಅನುಕಂಪವಾದರೋ ಸಾವು ಬಂದಾಗ ಏಳುತ್ತದೆ, ಸಾವು ದೂರವಾದಾಗ ಮಲಗುತ್ತದೆ. ಭಾವವನ್ನು ಕಾಯುವುದು ಕರ್ಮವೇ ಎಂದು ನಮ್ಮ ಕರ್ಮಕಾಂಡಿಗಳು ಹಿಡಿದ ಹಟದಲ್ಲಿ ಬಹಳ ಸತ್ಯವಿದೆಯೆಂದು ಈ ನಗರವನ್ನು ನೆನೆದಾಗಲೆಲ್ಲ ನನಗನಿಸುತ್ತದೆ. ವಾಲ್ಫ್ರಿಡ್ ಅದನ್ನು ಅರಿತಿದ್ದನು. ಮಕ್ಕಳ ಹಸಿವಿಗೆ ಮರುಗಿ ಸುಮ್ಮನಿರದೆ, ಮರುಕವು ವಾರವಾರವೂ ಊಟವಾಗಿ ಬರುವಂತೆ ಏರ್ಪಾಡು ಮಾಡಿದನು. ಆದರೆ 1892ರಲ್ಲಿ ಅವನನ್ನು ಲಂಡನ್ನಿಗೆ ವರ್ಗಮಾಡಿದರು. 1897ರಲ್ಲಿ ಕ್ಲಬ್ಬು ಷೇರುದಾರರ ಕಂಪನಿಯಾಯಿತು. ಅನ್ನದಾನವು ಹಿಂದೆ ಬಿದ್ದಿತು. ಮತಭೇದದ ಸಂಸ್ಥೆಗಳು ಬೆಳೆಯುತ್ತಿದ್ದಾಗ ದಯೆಯ ಸಂಸ್ಥೆಯೊಂದು ಹೀಗೆ ಸವೆದುದನ್ನು ಓದುವಾಗ ನನಗೆ ಯಾವ ಗಲಭೆಯ ವೃತ್ತಾಂತವನ್ನು ಓದುವಾಗಲೂ ಆಗದಷ್ಟು ಖೇದವಾಗುತ್ತದೆ.

ಸರಕಾರವು ಕಾನೂನಿನಿಂದ ಗಡಿಯನ್ನು ಅಳಿಸಲು ಹೊರಟಿತು. ಪಂದ್ಯಗಳಲ್ಲಿ ದ್ವೇಷದ ಹಾಡುಗಳನ್ನು ಶಿಕ್ಷಾರ್ಹಗೊಳಿಸಿ 2012ರಲ್ಲಿ ಜಾರಿಗೆ ಬಂದ ಶಾಸನವನ್ನು 2018ರಲ್ಲಿ ರದ್ದುಮಾಡಬೇಕಾಯಿತು. ಆ ಬಳಿಕ ಕ್ಲಬ್ಬುಗಳು ಎದುರಾಳಿಯ ಅಭಿಮಾನಿಗಳಿಗೆ ಮೀಸಲಾದ ಆಸನಗಳನ್ನು ಸಾವಿರಗಳಿಂದ ನೂರುಗಳಿಗೆ ಇಳಿಸಿ, ಕಡೆಗೆ 2023ರಲ್ಲಿ ಒಂದನ್ನೂ ಕೊಡದ ಸ್ಥಿತಿಗೆ ಬಂದುವು. ಕ್ರೀಡಾಂಗಣದ ತುಂಬ ಒಂದೇ ಬಣ್ಣ. ಹಳಿಯುವುದಕ್ಕೆ ಯಾರೂ ಇಲ್ಲ. ಮತದ್ವೇಷವೊಂದೇ ಈ ಜನರ ಸರ್ವಸ್ವವಾಗಿದ್ದರೆ ಆ ಏಕಾಂತವು ಅವರಿಗೆ ಸ್ವರ್ಗವಾಗಬೇಕಾಗಿತ್ತು. ಹಾಗಾಗಲಿಲ್ಲ. ಪಂದ್ಯದಲ್ಲಿ ಜೀವವಿಲ್ಲವೆಂದು ಎರಡು ಪಕ್ಷದವರೂ ಕೊರಗಿದರು; 2024ರಲ್ಲಿ ಕ್ಲಬ್ಬುಗಳು ಒಪ್ಪಂದಕ್ಕೆ ಬಂದು ನೂರಕ್ಕೆ ಐದರಷ್ಟು ಆಸನಗಳನ್ನು ಎದುರಾಳಿಗಳಿಗೆ ಮರಳಿ ಕೊಡಲು ನಿರ್ಧರಿಸಿದವು. ಇದನ್ನು ಸಮಾಧಾನವೆಂದು ಕರೆಯಲಾರೆ. ಆದರೆ ಯಾರನ್ನು ಬೇಡವೆಂದು ನೂರು ವರ್ಷ ಕೂಗಿದರೋ ಅವನನ್ನೇ, ಅವನಿಲ್ಲದೆ ತಮಗೆ ಸಾಗದೆಂದು ಒಪ್ಪಿ, ತಾವಾಗಿಯೇ ಒಳಕ್ಕೆ ಕರೆದರು. ಹಾಗೆ ಕರೆಸಿಕೊಂಡವನಿಗೆ ಊಟಕ್ಕಿಡುವ ಪದ್ಧತಿಯೊಂದು ಅದೇ ನಗರದಲ್ಲಿ, ಅದೇ ಎರಡು ತಂಡಗಳ ನಡುವೆ, ಮೊದಲ ದಿನವೇ ಇತ್ತು.