ಕರಡಿಗೂ ಕ್ಯಾಮೆರಾಗೂ ನಡುವೆ

ತಮಿಳುನಾಡಿನ ಆನೆಮಲೆಯಲ್ಲಿ, ಆಳಿಯಾರಿನಿಂದ ವಾಲ್ಪಾರೈಗೆ ಏರುವ ಘಾಟಿಯಲ್ಲಿ 40 ತಿರುವುಗಳು. ಒಂದೊಂದು ತಿರುವಿಗೂ ಕಾಡು ಹತ್ತಿರ ಬಂದಂತೆ ಅನಿಸುತ್ತದೆ. ಬಂದಿರುವುದು ನಾವು.

ಕರಡಿಯನ್ನು ಹತ್ತಿರದಿಂದ ನೋಡುವ ಆಸೆಯವರು ಕೊಯಮತ್ತೂರಿನಿಂದ ಗಾಡಿ ಮಾಡಿಕೊಂಡು ಬರುತ್ತಾರೆ. ಹತ್ತಿರದಿಂದ ನೋಡಿಬಿಟ್ಟವರು ವಾಲ್ಪಾರೈಯ ಎಸ್ಟೇಟುಗಳ ಲೈನ್ ಮನೆಗಳಲ್ಲಿದ್ದಾರೆ. ಅವರಲ್ಲಿ ಫೋಟೊ ಇಲ್ಲ, ಹೊಲಿಗೆಯ ಗುರುತಿದೆ.

ಚಹಾ ಗಿಡ ಸೊಂಟದೆತ್ತರ. ಅದರ ಸಂದಿಯಲ್ಲಿ ಕರಡಿ ಕಾಣುವುದಿಲ್ಲ. ಕರಡಿಗೂ ಕಣ್ಣು ಮಂದ, ಮೂಗೇ ಅದರ ಬಂಡವಾಳ. ಗೆದ್ದಲು ಹೀರುವಾಗ ತಾನೇ ಎಬ್ಬಿಸುವ ಸದ್ದಿನಲ್ಲಿ ನಮ್ಮ ಹೆಜ್ಜೆ ಅದಕ್ಕೆ ಕೇಳಿಸದೆ ಹೋಗಬಹುದು. ತಲೆಯೆತ್ತಿದರೆ ಎದುರಿಗೇ ಮನುಷ್ಯ! ಹುಲಿಯ ನೆರೆಯಲ್ಲಿ ಬಾಳಿದ ಪ್ರಾಣಿ; ಓಡುವುದಕ್ಕಿಂತ ಮೇಲೆ ಬೀಳುವುದನ್ನು ಚೆನ್ನಾಗಿ ಕಲಿತಿದೆ. ಸದ್ದಿಲ್ಲದೆ ಹತ್ತಿರ ಸರಿಯುವುದು ಛಾಯಾಗ್ರಾಹಕರ ಹೆಮ್ಮೆ. ಕರಡಿಯ ಕಾಡಿನಲ್ಲಿ ಹರಟುತ್ತ ನಡೆಯುವವನೇ ಜಾಣ.

ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಎನ್ನುತ್ತೇವೆ. ಆನೆಮಲೆಯಲ್ಲಿ ಅದು ಹುತ್ತದ ಮುಂದೆ ತನ್ನ ಪಾಡಿಗೆ ಕೂತಿರುತ್ತದೆ. ನಡುವೆ ನುಗ್ಗುವುದು ನಾವು.

ಮರಿಗಳನ್ನು ಬೆನ್ನ ಮೇಲೆ ಹೊತ್ತು ನಡೆಯುವ ತಾಯಿ: ಎಲ್ಲರಿಗೂ ಬೇಕಾದ ಚಿತ್ರ, ಎಲ್ಲಕ್ಕಿಂತ ದೂರದಿಂದ ತೆಗೆಯಬೇಕಾದ ಚಿತ್ರ.

ಕಪ್ಪು ತುಪ್ಪಳ ಕಂಡರೆ ಕ್ಯಾಮೆರಾದ ಮೀಟರ್ ಮೋಸಹೋಗುತ್ತದೆ. ಕತ್ತಲೆಂದು ತಿಳಿದು ಬೆಳಕು ಏರಿಸಿ, ಕರಡಿಗೆ ಬೂದಿ ಬಳಿದಂತೆ ಮಾಡುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿದರೆ ಬಣ್ಣ ಮರಳುತ್ತದೆ. ಹತ್ತು ಹೆಜ್ಜೆ ಮುಂದೆ ಹೋದರೆ ಮರಳುವುದಿಲ್ಲ.

600 ಎಂಎಂ ಲೆನ್ಸಿನ ಬೆಲೆ ಕೇಳಿ ಬೆಚ್ಚಿಬೀಳುವವರು, ಅದಿಲ್ಲದೆ ಮುಂದಿಡುವ ಹೆಜ್ಜೆಯ ಬೆಲೆ ವಿಚಾರಿಸುವುದಿಲ್ಲ.

ಸೆಲ್ಫಿಗೆ ಕರಡಿಯತ್ತ ಬೆನ್ನು ಮಾಡಬೇಕು. ಬೇರಾವ ಕಾರಣಕ್ಕೂ ಬುದ್ಧಿ ಇದ್ದವರು ಹಾಗೆ ಮಾಡಿದ್ದಿಲ್ಲ.

ಕರ್ನಾಟಕದಲ್ಲಿ ನಮ್ಮ ದರೋಜಿ ಕರಡಿಧಾಮ 1994ರದು. ಬಂಡೆಗಳಿಗೆ ಸಿಬ್ಬಂದಿ ಬೆಲ್ಲದ ಪಾಕ ಬಳಿದು ಹೋಗುತ್ತಾರೆ. ಇಳಿಹೊತ್ತಿಗೆ ಕರಡಿಗಳು ನೆಕ್ಕಲು ಬರುತ್ತವೆ. ದೂರದ ವೀಕ್ಷಣಾ ಗೋಪುರದಲ್ಲಿ ಲೆನ್ಸುಗಳು ಸಾಲುಗಟ್ಟುತ್ತವೆ. ಆ ಚಿತ್ರದಲ್ಲಿರುವುದು ಕರಡಿಯ ದಿನಚರಿಯಲ್ಲ, ನಾವು ಕರೆದ ಊಟ. ಅದು ನನಗೆ ಪೂರಾ ಒಪ್ಪಿಗೆಯಲ್ಲ. ಆದರೂ ಗಾಡಿಯಿಂದಿಳಿದು ಲಂಟಾನ ಪೊದೆ ಹೊಕ್ಕವನ ಸಾಹಸಕ್ಕಿಂತ ಬೆಲ್ಲವೇ ವಾಸಿ.

ಜಪಾನಿನ ಮಿಚಿಯೊ ಹೊಶಿನೊ ಕರಡಿಗಳನ್ನು ಬಲ್ಲ ಛಾಯಾಗ್ರಾಹಕ. 1996ರಲ್ಲಿ ರಷ್ಯಾದ ಕಮ್ಚಟ್ಕಾದಲ್ಲಿ, ಗುಡಾರದಲ್ಲಿ ಮಲಗಿದ್ದಾಗ ಕರಡಿಗೆ ಬಲಿಯಾದ. ಟಿಮೊಥಿ ಟ್ರೆಡ್‌ವೆಲ್ ಅಲಾಸ್ಕದಲ್ಲಿ 13 ಬೇಸಿಗೆಗಳನ್ನು ಕರಡಿಗಳ ನಡುವೆ ಕಳೆದು, 2003ರಲ್ಲಿ ಬಲಿಯಾದ. ಒಬ್ಬ ಅರಿತವನು, ಇನ್ನೊಬ್ಬ ನಂಟು ಬೆಳೆಸಿದವನು. ಕರಡಿಗೆ ಆ ವ್ಯತ್ಯಾಸ ಹೇಳಿದವರಿರಲಿಲ್ಲ.

ಒಂದು ಕಾಲಕ್ಕೆ ಕರಡಿ ನಮಗೆ ತೀರಾ ಹತ್ತಿರವಿತ್ತು. ಕರಡಿ ಕುಣಿಸುವ ಕಲಂದರರು ಅದನ್ನು ಬೀದಿಗೆ ತರುತ್ತಿದ್ದರು; ಹೆದರಿಕೆ ಹೋಗಲೆಂದು ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸುತ್ತಿದ್ದೆವು, ಕೂದಲನ್ನು ತಾಯಿತಕ್ಕೆ ಕಟ್ಟುತ್ತಿದ್ದೆವು. ಚುಚ್ಚಿದ ಮೂತಿಯಲ್ಲಿ ಹಗ್ಗವಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೂ ಆ ಕುಣಿತ ನಿಲ್ಲಲು 2009ರವರೆಗೆ ಕಾಯಬೇಕಾಯಿತು. ಅಷ್ಟು ಹತ್ತಿರದ ಕರಡಿಯನ್ನು ಯಾರೂ ಕಾಡುಪ್ರಾಣಿಯೆಂದು ನೋಡಲಿಲ್ಲ.

ಮೇಲೆಯೇ ಬಿದ್ದರೆ? ಮರ ಹತ್ತಬೇಡಿ, ಅದೂ ಹತ್ತುತ್ತದೆ. ಓಡಿ ಗೆಲ್ಲಲಾರಿರಿ. ಬೋರಲು ಮಲಗಿ, ಬೆರಳು ಹೆಣೆದು ಕತ್ತಿನ ಹಿಂಬದಿ ಮುಚ್ಚಿಕೊಳ್ಳಿ. ಅದರ ಉಗುರು ಮುಖ, ತಲೆಗಳತ್ತಲೇ ಹೋಗುತ್ತದೆ. ಕ್ಯಾಮೆರಾ ಎಲ್ಲಿ ಬಿತ್ತೆಂದು ಆಮೇಲೆ ಹುಡುಕಬಹುದು.