ಅದು ಉಸಿರಾಗಿರಲಿಲ್ಲ

ಹನ್ನೊಂದು ವರ್ಷದ ಹಿಂದಿನ ಮಾತು. ಹಾಸನ ಜಿಲ್ಲೆಯ ಸಣ್ಣ ಊರೊಂದರ ಕಲ್ಯಾಣ ಮಂಟಪ. ಧಾರೆ ಮುಗಿದು ಊಟದ ಎರಡನೇ ಪಂಕ್ತಿ ಎದ್ದಿತ್ತು. ಕೈ ತೊಳೆಯುವ ನಲ್ಲಿಗಳ ಬಳಿ ಹುಡುಗಿಯ ಸೋದರಮಾವ ನಿಂತಿದ್ದರು. ದೂರದ ಸಂಬಂಧದಲ್ಲಿ ನನಗೂ ಮಾವನೇ ಆಗಬೇಕು. "ನಿನ್ ಸಾಲಿಗೆ ಪಾಯಸ ಎರಡನೇ ಸಲ ಬಂತೇನೋ?" ಎಂದು ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಗೋಡೆಗೆ ಒರಗಿದ ಹಾಗೆ ಮಾಡಿ, ಜಾರಿ, ನೆಲಕ್ಕೆ ಬಿದ್ದರು. ಕೈಕಾಲು ಒಂದೆರಡು ಕ್ಷಣ ಅದುರಿದವು.

ಜನ ಸೇರಿದರು. "ಫಿಟ್ಸ್ ಇರ್ಬೇಕು, ಕೈಗೆ ಬೀಗದ ಕೈ ಕೊಡಿ" ಎಂದರು ಒಬ್ಬರು. "ಬೆಳಿಗ್ಗೆಯಿಂದ ಓಡಾಡಿದಾರೆ, ಶುಗರ್ ಇಳಿದಿದೆ, ಬಾಯಿಗೆ ಸಕ್ಕರೆ ಹಾಕಿ" ಎಂದರು ಇನ್ನೊಬ್ಬರು. ಯಾರೋ ಸೋಡಾ ತರಲು ಓಡಿದರು. ನಾನು ಮಂಡಿಯೂರಿ ಕೂತು ಮಾವನ ಕೈ ಹಿಡಿದು ಕರೆದೆ. ಓಗೊಡಲಿಲ್ಲ. ಅಷ್ಟರಲ್ಲಿ ಅವರ ಬಾಯಿ ತೆರೆಯಿತು, ಗೊರಕೆಯಂಥ ಒಂದು ದೊಡ್ಡ ಸದ್ದು ಬಂತು. ನನಗೆ ಹೋದ ಜೀವ ಬಂದಂತಾಯಿತು. "ಉಸಿರಾಡ್ತಿದಾರೆ, ಏನೂ ಆಗಿಲ್ಲ, ಗಾಳಿ ಬಿಡ್ರಪ್ಪ" ಎಂದು ಕೂಗಿದೆ. ಸುತ್ತ ನಿಂತವರ ಮುಖ ಸಡಿಲವಾದದ್ದು ಇವತ್ತಿಗೂ ಕಣ್ಣ ಮುಂದಿದೆ. ಸ್ವಲ್ಪ ಹೊತ್ತಿಗೆ ಅಂಥದೇ ಇನ್ನೊಂದು ಸದ್ದು. ಆಮೇಲೆ ಮತ್ತೊಂದು, ಇನ್ನಷ್ಟು ತಡವಾಗಿ. ಕಾರು ಬಂತು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮುಗಿದಿತ್ತು.

ಎರಡು ವರ್ಷದ ಹಿಂದೆ ನಾನು ಪಾಠ ಮಾಡುವ ಕಾಲೇಜಿನಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ನಡೆಯಿತು. ಕಲಿಸಲು ಬಂದಿದ್ದ ತರುಣ, ಹೃದಯ ನಿಂತ ಮನುಷ್ಯ ಒಮ್ಮೊಮ್ಮೆ ಹೀಗೆ ಸದ್ದು ಮಾಡುತ್ತಾನೆ ಎಂದು ತನ್ನ ಗಂಟಲಿನಿಂದಲೇ ಮಾಡಿ ತೋರಿಸಿದ. "ಇದನ್ನ ಕೇಳಿ ಉಸಿರಾಟ ಇದೆ ಅಂದ್ಕೊಂಡು ಸುಮ್ಮನಾಗ್ತಾರೆ. ಇದು ಉಸಿರಾಟ ಅಲ್ಲ" ಎಂದ. ನಾನು ಎದ್ದು ಹೊರಗೆ ಬಂದು ಕಾರಿಡಾರಿನಲ್ಲಿ ನಿಂತೆ. ಮಾವನ ಊರಿನ ನಲ್ಲಿಯ ನೀರು ಕಿವಿಯಲ್ಲಿ ಸುರಿಯುತ್ತಿತ್ತು.

ಅವನು ಹೇಳಿದ್ದು ಇಷ್ಟೆ. ಹೃದಯ ರಕ್ತ ತಳ್ಳುವುದನ್ನು ನಿಲ್ಲಿಸಿದ ಮೇಲೂ ಮೆದುಳಿನ ಬುಡದಲ್ಲಿರುವ ಉಸಿರಿನ ಕೇಂದ್ರ ಕೆಲವು ನಿಮಿಷ ತನ್ನ ಹಳೆಯ ಅಭ್ಯಾಸದಂತೆ ಅಪ್ಪಣೆ ಕಳಿಸುತ್ತಿರಬಹುದು. ಆಗ ಬಾಯಿ ತೆರೆಯುತ್ತದೆ, ಗಂಟಲು ಸದ್ದು ಮಾಡುತ್ತದೆ. ದೇಹಕ್ಕೆ ಬೇಕಾದದ್ದು ಮಾತ್ರ ಸಿಗುವುದಿಲ್ಲ. ಮೊದಲ ಕ್ಷಣಗಳಲ್ಲಿ ಕೈಕಾಲು ಅದುರಿ ಮೂರ್ಛೆರೋಗದಂತೆ ಕಾಣುವುದೂ ಉಂಟು. ಆದ್ದರಿಂದ ನಮ್ಮಂಥ ಸಾಮಾನ್ಯರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡೇ. ಭುಜ ತಟ್ಟಿ ಗಟ್ಟಿಯಾಗಿ ಕರೆದರೆ ಓಗೊಡುತ್ತಾರೆಯೆ? ಉಸಿರಾಟ ಎಂದಿನಂತೆ ಇದೆಯೆ? ಎರಡಕ್ಕೂ 'ಇಲ್ಲ' ಎಂದಾದರೆ, ಅಥವಾ ಎರಡನೆಯದಕ್ಕೆ 'ಗೊತ್ತಾಗುತ್ತಿಲ್ಲ' ಎಂದಾದರೂ, ಒಬ್ಬರು 108ಕ್ಕೋ 112ಕ್ಕೋ ಫೋನು ಮಾಡಬೇಕು, ಇನ್ನೊಬ್ಬರು ಎದೆಯ ನಡುವೆ ಅಂಗೈ ಇಟ್ಟು ಒತ್ತಲು ಶುರುಮಾಡಬೇಕು. ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಾದರೆ ಎದೆ ಐದಾರು ಸೆಂಟಿಮೀಟರು ತಗ್ಗುವಷ್ಟು. ನೋಡಲು ಹತ್ತು ಸೆಕೆಂಡು ಸಾಕು. ನಾಡಿ ಹುಡುಕುವುದು ಬೇಡ. ಗಾಬರಿಯಲ್ಲಿರುವ ಬೆರಳಿಗೆ ತನ್ನದೇ ನಾಡಿ ಸಿಗುತ್ತದೆ.

ನನ್ನನ್ನು ಕಾಡುವ ಪ್ರಶ್ನೆ ಇದರಾಚೆಗಿನದು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ತಪ್ಪಾಗುತ್ತದೆಯೆ?

ಅರಿಸ್ಟಾಟಲ್ ಈ ಪ್ರಶ್ನೆಯನ್ನು ಎದುರಿಸಿದ್ದಾನೆ. ಅಜ್ಞಾನದಿಂದ ಮಾಡಿದ್ದಕ್ಕೆ ಮನುಷ್ಯನನ್ನು ದೂರುವುದು ಕಷ್ಟ, ಆದರೆ ಸುಲಭವಾಗಿ ತಿಳಿಯಬಹುದಾಗಿದ್ದನ್ನು, ತಿಳಿಯಬೇಕಾಗಿದ್ದನ್ನು ತಾತ್ಸಾರದಿಂದ ತಿಳಿಯದೆ ಉಳಿದವನು ಹೊಣೆಯಿಂದ ತಪ್ಪಿಸಿಕೊಳ್ಳಲಾರ ಎನ್ನುವುದು ಅವನ ವಾದದ ತಿರುಳು. ಈ ಗೆರೆಯ ಯಾವ ಬದಿಯಲ್ಲಿ ನಾನಿದ್ದೆ? ಎದೆ ಒತ್ತಿ ಹೃದಯವನ್ನು ಹೊರಗಿನಿಂದ ನಡೆಸಬಹುದೆಂದು ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್‌ನ ಕೌವೆನ್‌ಹೋವೆನ್, ಜೂಡ್ ಮತ್ತು ನಿಕರ್‌ಬಾಕರ್ ಪ್ರಕಟಿಸಿದ್ದು 1960ರಲ್ಲಿ. ನಾನು ಹುಟ್ಟುವ ಮೊದಲೇ ಇದ್ದ ತಿಳಿವಳಿಕೆ. ಕಲಿಯಲು ಒಂದು ಮಧ್ಯಾಹ್ನ ಸಾಕು. ಆ ಹೊತ್ತಿಗೆ ಎರಡು ಪದವಿ ಪಡೆದಿದ್ದೆ, ಛಂದಸ್ಸಿನ ಗಣಗಳನ್ನು ನಿದ್ದೆಯಲ್ಲೂ ಹೇಳುತ್ತಿದ್ದೆ. ಯಾರೂ ಕಲಿಸಲಿಲ್ಲ ಎನ್ನುವುದು ನಿಜ. ನಾನಾಗಿ ಕೇಳಲಿಲ್ಲ ಎನ್ನುವುದೂ ನಿಜ. ಅಂದು ನನಗಿದ್ದ ತಪ್ಪು ಒಂದು ಪಾಲಾದರೆ, ಇಂದಿನಿಂದ ಮುಂದೆ ಗೊತ್ತಿಲ್ಲ ಎನ್ನುವುದಕ್ಕೆ ನನಗೆ ಎಡೆಯೇ ಇಲ್ಲ. ಈ ಬರಹವನ್ನು ಇಷ್ಟು ದೂರ ಓದಿದ ನಿಮಗೂ ಬಹುಶಃ ಇಲ್ಲ. ಅದಕ್ಕಾಗಿ ಕ್ಷಮೆ ಇರಲಿ.

ನೀತಿಯ ಬಗ್ಗೆ ತರಗತಿಯಲ್ಲಿ ಮಾತಾಡುವಾಗ ಪೀಟರ್ ಸಿಂಗರ್ 1972ರಲ್ಲಿ ಕೊಟ್ಟ ಉದಾಹರಣೆ ಬಂದೇ ಬರುತ್ತದೆ. ಕೊಳದಲ್ಲಿ ಮಗು ಮುಳುಗುತ್ತಿದೆ, ಇಳಿದರೆ ನಿಮ್ಮ ಬಟ್ಟೆ ಕೊಳೆಯಾಗುತ್ತದೆ; ಇಳಿಯುತ್ತೀರೋ ಇಲ್ಲವೋ? ಎಲ್ಲ ವಿದ್ಯಾರ್ಥಿಗಳೂ ಇಳಿಯುತ್ತಾರೆ. ಆದರೆ ಆ ಕತೆಯಲ್ಲಿ ಮಗು ಮುಳುಗುತ್ತಿದೆ ಎಂಬುದು ಮೊದಲೇ ಗೊತ್ತು. ನಿಜವಾದ ಕೊಳದಲ್ಲಿ ಮುಳುಗುವವರು ಅನೇಕ ಸಲ ಕೂಗುವುದೇ ಇಲ್ಲ. ದಡದಲ್ಲಿರುವವರಿಗೆ ಆಟವಾಡುತ್ತಿರುವಂತೆ ಕಾಣುತ್ತಾರೆ. ಕಲ್ಯಾಣ ಮಂಟಪದಲ್ಲಿ ಸಹಾಯಕ್ಕೆ ಸಿದ್ಧರಿಲ್ಲದವರು ಒಬ್ಬರೂ ಇರಲಿಲ್ಲ. ಪಂಚೆ ಕೊಳೆಯಾಗುತ್ತದೆಂದು ಹಿಂದೆ ಸರಿದವರು ಇರಲಿಲ್ಲ. ಒಳ್ಳೆಯ ಮನಸ್ಸು ಬೇಕಾದಷ್ಟಿತ್ತು, ಕಾಣುವ ಕಣ್ಣು ಇರಲಿಲ್ಲ.

ಐರಿಸ್ ಮರ್ಡಾಕ್ ಈ ವಿಷಯದಲ್ಲಿ ನನಗೆ ಹತ್ತಿರದವಳು. ನೈತಿಕ ಬದುಕಿನ ಬಹುಪಾಲು ನಿರ್ಧಾರದ ಕ್ಷಣದಲ್ಲಿ ಇರುವುದಿಲ್ಲ, ಅದಕ್ಕೂ ಮೊದಲಿನ ನೋಟದಲ್ಲಿ ಇರುತ್ತದೆ ಎಂದು ಅವಳು ವಾದಿಸಿದಳು. ಅವಳು ಕೊಡುವ ಉದಾಹರಣೆ ನಮ್ಮ ಮನೆಗಳದೇ: ಸೊಸೆ ಒರಟು ಎಂದುಕೊಂಡಿದ್ದ ಅತ್ತೆ, ತನ್ನ ಪೂರ್ವಗ್ರಹವನ್ನು ಬದಿಗಿಟ್ಟು ಮತ್ತೆ ಮತ್ತೆ ನೋಡಿ, ಅವಳನ್ನು ಬೇರೆಯಾಗಿ ಕಾಣಲು ಕಲಿಯುತ್ತಾಳೆ. ಹಾಗೆ ನೋಡುವುದಕ್ಕೆ ಅಡ್ಡ ಬರುವುದು ನಮ್ಮ ಆಸೆಗಳು. ನಾನು ಆ ಸದ್ದನ್ನು ಉಸಿರು ಎಂದು ಕೇಳಿದ್ದು ಅಜ್ಞಾನದಿಂದ ಮಾತ್ರವಲ್ಲ. ಮದುವೆ ಮನೆಯಲ್ಲಿ ಸಾವು ಬೇಡವಾಗಿತ್ತು. ಅದು ಉಸಿರಾಗಿರಲಿ ಎಂದು ಬಯಸಿದೆ, ಉಸಿರೇ ಕೇಳಿಸಿತು.

ಇನ್ನೂ ಒಂದು ಕಾರಣವಿದೆ, ಅದು ಗುಂಪು. 1968ರಲ್ಲಿ ಲಾಟಾನೆ ಮತ್ತು ಡಾರ್ಲಿ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೋಣೆಯೊಂದರಲ್ಲಿ ಜನರನ್ನು ಕೂರಿಸಿ, ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬರೇ ಇದ್ದಾಗ ನೂರಕ್ಕೆ 75 ಮಂದಿ ಎದ್ದು ಹೋಗಿ ತಿಳಿಸಿದರು. ಏನೂ ಆಗಿಲ್ಲವೆಂಬಂತೆ ಕೂರಲು ಹೇಳಿಟ್ಟಿದ್ದ ಇಬ್ಬರ ಜೊತೆ ಕೂತಾಗ ತಿಳಿಸಿದವರು ನೂರಕ್ಕೆ ಹತ್ತೇ ಮಂದಿ. ಉಳಿದವರು ಕಲ್ಲು ಹೃದಯದವರಲ್ಲ. ಪಕ್ಕದವನ ಮುಖ ನೋಡಿ ಇದು ಬೆಂಕಿಯಲ್ಲ ಎಂದು ತೀರ್ಮಾನಿಸಿದವರು. ನಮ್ಮ ಗುಂಪಿನಲ್ಲಿ ಹಾಗೆ ಎಲ್ಲರೂ ನೋಡಿದ ಮುಖ ನನ್ನದು. 'ಏನೂ ಆಗಿಲ್ಲ' ಎಂದು ನಾನು ಹೇಳದೆ ಸುಮ್ಮನಿದ್ದಿದ್ದರೆ, ಅನುಮಾನ ಪಟ್ಟ ಯಾರಾದರೂ ಒಬ್ಬರು ಬೇರೇನಾದರೂ ಮಾಡುತ್ತಿದ್ದರೋ ಏನೋ. ತಿಳಿಯದೆ ಹೇಳಿದ ಸಮಾಧಾನಕ್ಕೂ ಬೆಲೆ ತೆರಬೇಕಾಗುತ್ತದೆ.

ತಪ್ಪಾಗಿ ಒತ್ತಿದರೆ ಗತಿಯೇನು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಎರಡು ಬಗೆಯ ತಪ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹೃದಯ ನಡೆಯುತ್ತಿದ್ದವನ ಎದೆ ಒತ್ತಿದರೆ ನೋವಾಗುತ್ತದೆ, ಅವನು ನರಳುತ್ತಾನೆ, ಕೈ ತಳ್ಳುತ್ತಾನೆ, ಅಪರೂಪಕ್ಕೆ ಪಕ್ಕೆಲುಬಿಗೆ ಪೆಟ್ಟಾಗಬಹುದು. ನಿಂತ ಹೃದಯವನ್ನು ಒತ್ತದೆ ಬಿಟ್ಟರೆ ನಾಲ್ಕೈದು ನಿಮಿಷದಲ್ಲಿ ಮೆದುಳು ಸಾಯಲು ತೊಡಗುತ್ತದೆ. ಮೊದಲ ತಪ್ಪಿಗೆ ಕ್ಷಮೆ ಕೇಳಬಹುದು. ಎರಡನೆಯದಕ್ಕೆ ಕ್ಷಮೆ ಕೇಳಲು ಆ ಕಡೆ ಯಾರೂ ಇರುವುದಿಲ್ಲ. ತಪ್ಪುಗಳ ತೂಕ ಇಷ್ಟು ಬೇರೆಯಾಗಿರುವಾಗ ಖಚಿತವಾಗಲಿ ಎಂದು ಕಾಯುವುದು ವಿವೇಕದ ವೇಷ ತೊಟ್ಟ ಅಂಜಿಕೆ. ಪೊಲೀಸು, ಕೇಸು ಎಂಬ ಭಯವೂ ಇರುತ್ತದೆ. ರಸ್ತೆ ಅಪಘಾತಗಳಲ್ಲಿ ನೆರವಾದವರನ್ನು ರಕ್ಷಿಸಲು 2016ರಲ್ಲಿ ಸುಪ್ರೀಂ ಕೋರ್ಟು ಮಾರ್ಗಸೂಚಿಗಳನ್ನು ಊರ್ಜಿತಗೊಳಿಸಿತು, 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಅದು ಕಾನೂನೇ ಆಯಿತು. ಭಯ ಮಾತ್ರ ಕಾನೂನಿಗಿಂತ ನಿಧಾನವಾಗಿ ಬದಲಾಗುತ್ತದೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ನಾಡಿಗೆ ನಾಡೇ ತನ್ನ ಎದೆ ಮುಟ್ಟಿಕೊಂಡಿತು. ನಲವತ್ತರ ಆಸುಪಾಸಿನ ಗೆಳೆಯರೆಲ್ಲ ಇಸಿಜಿ ಮಾಡಿಸಲು ಸಾಲುಗಟ್ಟಿದರು, ನಾನೂ ಹೋದೆ. ನನಗೂ ಹೀಗಾದರೆ ಎಂಬುದು ಅಂದಿನ ಪ್ರಶ್ನೆಯಾಗಿತ್ತು. ನನ್ನ ಎದುರು ಇನ್ನೊಬ್ಬರಿಗೆ ಹೀಗಾದರೆ ನನಗೆ ಗೊತ್ತಾಗುತ್ತದೆಯೆ ಎಂದು ನಾನಂತೂ ಆಗ ಕೇಳಿಕೊಳ್ಳಲಿಲ್ಲ. ಹೃದಯ ನಿಂತವನು ತನಗೆ ತಾನು ನೆರವಾಗಲಾರ. ಅವನ ಆಯಸ್ಸು ಪಕ್ಕದಲ್ಲಿ ನಿಂತವನ ತಿಳಿವಳಿಕೆಯಲ್ಲಿರುತ್ತದೆ. ನನ್ನ ಆರೋಗ್ಯ ಎನ್ನುವುದರಲ್ಲಿ ನನ್ನ ನೆರೆಯವನು ಏನು ಕಲಿತಿದ್ದಾನೆ ಎನ್ನುವುದೂ ಸೇರಿದೆ ಎಂದಾಯಿತು.

ಇಲ್ಲಿಗೆ ಮುಗಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಆ ಸದ್ದು ನಮ್ಮವರಿಗೆ ಗೊತ್ತೇ ಇರಲಿಲ್ಲ ಎನ್ನುವಂತಿಲ್ಲ. ಮೇಲುಸಿರು, ಊರ್ಧ್ವಶ್ವಾಸ ಎಂಬ ಮಾತುಗಳು ನಮ್ಮಲ್ಲಿವೆ. ಹಳ್ಳಿಯ ಹಿರಿಯರು ಅದನ್ನು ಕೇಳಿದೊಡನೆ ಮಕ್ಕಳನ್ನು ಕರೆಸಿ, ಬಾಯಿಗೆ ತುಳಸಿ ನೀರು ಬಿಡುತ್ತಿದ್ದರು. ಅವರಿಗೆ ಗುರುತು ಸಿಗುತ್ತಿತ್ತು. ಅವರ ಪಾಲಿಗೆ ಅದು ಬೀಳ್ಕೊಡುವ ಹೊತ್ತಾಗಿತ್ತು, ಮರಳಿ ಕರೆಯುವ ದಾರಿ ಗೊತ್ತಿರಲಿಲ್ಲ. ನಾವು ಆಸ್ಪತ್ರೆಗೆ ಸಾವನ್ನು ಒಪ್ಪಿಸಿ ಆ ಗುರುತನ್ನೂ ಕಳೆದುಕೊಂಡೆವು.

ತರಬೇತಿಯಾದ ಮರುವರ್ಷ ನನ್ನ ಅಜ್ಜಿ ಹೋದಳು. ತೊಂಬತ್ಮೂರು ವರ್ಷ. ಎರಡು ತಿಂಗಳಿಂದ ಹಾಸಿಗೆ. "ಇನ್ನು ನನ್ನ ಎಲ್ಲಿಗೂ ಎತ್ಕೊಂಡ್ ಹೋಗ್ಬೇಡಿ ಕಣಪ್ಪ" ಎಂದು ಎಲ್ಲರ ಮುಂದೆಯೂ ಹೇಳಿದ್ದಳು. ಬೆಳಗಿನ ಜಾವ ಅದೇ ಸದ್ದು ಬಂತು. ಈ ಸಲ ನನಗೆ ಅದು ಏನೆಂದು ಗೊತ್ತಿತ್ತು. ಕೈ ತಾನಾಗಿ ಮುಂದೆ ಹೋಗಲು ನೋಡಿತು. ಹಿಡಿದುಕೊಂಡೆ. ಅಮ್ಮ ತುಳಸಿ ನೀರು ತಂದಳು. ಗುರುತಿಸುವುದು ಎಂದರೆ ಸದ್ದನ್ನು ಗುರುತಿಸುವುದಷ್ಟೇ ಅಲ್ಲ, ಅದು ಯಾರ ಸದ್ದು ಎನ್ನುವುದನ್ನೂ ಎಂದು ಆಗ ತಿಳಿಯಿತು. ನಡೆಯುತ್ತಿದ್ದವರು ಥಟ್ಟನೆ ಬಿದ್ದರೆ ಅವರಿಗೆ ಬದುಕುವ ಆಸೆ ಇದೆ ಎಂದೇ ಹಿಡಿಯಬೇಕು, ಕೇಳಲು ಸಮಯವಿಲ್ಲ. ನಿಧಾನವಾಗಿ ದಡಕ್ಕೆ ನಡೆದು ಬಂದು, ಬಿಡಿ ಎಂದು ಹೇಳಿದವರನ್ನು ಬಿಡುವುದೂ ಗೌರವವೇ. ಅಂಥ ಇಚ್ಛೆಯನ್ನು ಮೊದಲೇ ಬರೆದಿಡುವ ಹಕ್ಕನ್ನು 2018ರಲ್ಲಿ ಸುಪ್ರೀಂ ಕೋರ್ಟು ಒಪ್ಪಿದೆ. ಇದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳದಿದ್ದರೆ ಆ ಹೊತ್ತಿನಲ್ಲಿ ತೀರ್ಮಾನ ಮಾಡುವುದು ಗಾಬರಿ.

ತರಬೇತಿಯ ಗೊಂಬೆಗೊಂದು ಕತೆಯಿದೆ. ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲೇರ್ಡಲ್ 1960ರಲ್ಲಿ ಅದನ್ನು ಮಾಡಿದಾಗ ಅದಕ್ಕೆ ಕೊಟ್ಟ ಮುಖ, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಸಿಕ್ಕಿದಳೆಂದು ಹೇಳುವ ಹುಡುಗಿಯೊಬ್ಬಳ ಅಚ್ಚಿನದು. ಅವಳು ಯಾರೆಂದು ಗುರುತು ಹಿಡಿದು ಬಂದವರು ಯಾರೂ ಇಲ್ಲವಂತೆ. ಗುರುತು ಸಿಗದೆ ಹೋದವಳ ಮುಖದ ಮುಂದೆ ಮಂಡಿಯೂರಿ ಲೋಕ ಗುರುತಿಸುವುದನ್ನು ಕಲಿಯುತ್ತಿದೆ.

ಮಾವನ ಹೆಂಡತಿ, ನನ್ನ ಅತ್ತೆ, ಸಿಕ್ಕಾಗಲೆಲ್ಲ ಒಂದು ಮಾತು ಹೇಳುತ್ತಾರೆ: "ಕೊನೇವರೆಗೂ ಕೈ ಹಿಡ್ಕೊಂಡಿದ್ದವನು ನೀನು ಕಣಪ್ಪ, ಅಷ್ಟಾದ್ರೂ ಆಯ್ತು." ಒತ್ತಿದ್ದರೆ ಮಾವ ಉಳಿಯುತ್ತಿದ್ದರು ಎಂದು ಹೇಳಲಾರೆ. ಒತ್ತಿದರೂ ಉಳಿಯದವರೇ ಹೆಚ್ಚು. ಆದರೆ ಆ ಎರಡು ಕೈಗಳು ಇರಬೇಕಾಗಿದ್ದ ಜಾಗ ಬೇರೆ ಎಂದು ಈಗ ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಹೇಳಿದರೆ ನನ್ನ ಭಾರ ಇಳಿಯುತ್ತದೆ, ಅವರಿಗಿರುವ ಒಂದೇ ಸಮಾಧಾನ ಹೋಗುತ್ತದೆ. ಇಲ್ಲಿಯವರೆಗೆ ಹೇಳಿಲ್ಲ. ಇದು ಕರುಣೆಯೋ ಹೇಡಿತನವೋ ನನಗೆ ತಿಳಿಯದು.

ಹೋದ ತಿಂಗಳು ಅವರ ಮೊಮ್ಮಗ ನಮ್ಮ ಕಾಲೇಜು ಸೇರಿದ. ಮೊದಲ ವಾರದಲ್ಲೇ ಅವನನ್ನು ಆ ಗೊಂಬೆಯ ಮುಂದೆ ಕೂರಿಸಿದೆ. "ಯಾಕ್ ಸಾರ್, ನಾನ್ ಕಾಮರ್ಸು" ಎಂದ. "ಮದುವೆಗೆ ಹೋಗ್ತೀಯಲ್ಲ, ಅದಕ್ಕೆ" ಎಂದೆ.